ಕೌದಿ ಹೊದ್ದ ಸ್ಟುಡಿಯೊ

ಆ ವರ್ಷಗಳಲ್ಲಿ ಉಪ್ಪಲ್‌ನ ಮಧ್ಯಾಹ್ನಗಳಿಗೆ ಸದ್ದೇ ಇರಲಿಲ್ಲ. ಹೈದರಾಬಾದಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಊರೆಲ್ಲ ಕಂಪ್ಯೂಟರಿನ ಮಾತಾಡುತ್ತಿತ್ತು. ನಮ್ಮ ಓಣಿಯಲ್ಲಿ ಮಾತ್ರ ಊಟದ ಹೊತ್ತು ಮುಗಿದ ಮೇಲೆ ಪಕ್ಕದ ಮನೆಯ ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದು ಕೇಳಿಸುತ್ತಿತ್ತು. ಖಾಲಿ ಸೈಟುಗಳಲ್ಲಿ ಜಾಲಿ ಗಿಡ ಬೆಳೆದಿದ್ದವು. ಅವುಗಳ ನಡುವೆ ಚೊಕ್ಕ ಮಾಡಿಕೊಂಡ ಜಾಗದಲ್ಲಿ ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು. ಬಿಲ್ಲೆ ಬಿದ್ದ ಸದ್ದಿಗೇ ಯಾರಾದರೂ ಕಿಟಕಿಯಿಂದ ಬೈಯುತ್ತಿದ್ದರು. ಅಷ್ಟು ನಿಶ್ಶಬ್ದ.

ಅಂಥ ಓಣಿಯಲ್ಲಿ, ನಮ್ಮ ಮನೆಯಲ್ಲೇ, ಒಂದು ಚಳಿಗಾಲದಿಂದ ಮುಂದಿನ ಮಳೆಗಾಲದವರೆಗೆ ರಾಕ್ ಸಂಗೀತದ ರೆಕಾರ್ಡಿಂಗ್ ಸ್ಟುಡಿಯೊ ಇತ್ತು.

ನಮ್ಮದು ಬೀದರ್ ಕಡೆಯ ಕುಟುಂಬ. ಅಪ್ಪ ಉಪ್ಪಲ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿ, ಆರನೇ ತರಗತಿಯಲ್ಲಿದ್ದ ನಾನು. ಮನೆಯ ಮುಂಭಾಗದಲ್ಲಿ ರಸ್ತೆಗೆ ತೆರೆಯುವ ಶಟರ್ ಇದ್ದ ಒಂದು ಅಂಗಡಿ ಕೋಣೆ ಇತ್ತು. ಇಂಥದ್ದಕ್ಕೆ ಹೈದರಾಬಾದಿನಲ್ಲಿ ಮುಲ್ಗಿ ಎನ್ನುತ್ತಾರೆ. ಬೇಗಂ ಬಜಾರಿನಿಂದ ಸಾಮಾನು ತಂದು ಮಾರುತ್ತಿದ್ದ ಕಿರಾಣಿಯವನು ಅದನ್ನು ಖಾಲಿ ಮಾಡಿ ಬಹಳ ದಿನವಾಗಿದ್ದರೂ ಬೆಲ್ಲ, ಒಣಮೆಣಸಿನಕಾಯಿ, ಇಂಗಿನ ವಾಸನೆ ಗೋಡೆ ಬಿಟ್ಟಿರಲಿಲ್ಲ. ಕಿರಾಣಿಯವನ ಜೊತೆ ಹೋಗದೆ ಅಲ್ಲೇ ಉಳಿದವರು ಇನ್ನೂ ಕೆಲವರಿದ್ದರು. ಅವರ ವಿಷಯ ಮುಂದೆ ಬರುತ್ತದೆ.

ಒಂದು ಸಂಜೆ ಅಪ್ಪ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಪಕ್ಕದ ಮೇಜಿನಿಂದ ಕನ್ನಡ ಕೇಳಿಸಿತು. ಮೂವರು ಹುಡುಗರು, ಮೂವರೂ ಸಾಫ್ಟ್‌ವೇರ್ ಕಂಪನಿಯವರು. ಪ್ರದೀಪ ಮೈಸೂರಿನವನು, ಗಿಟಾರ್ ಬಾರಿಸಿ ಹಾಡುತ್ತಿದ್ದ. ಡೆನ್ಜಿಲ್ ಮಂಗಳೂರಿನವನು, ಡ್ರಮ್ಸ್ ಬಾರಿಸುತ್ತಿದ್ದ. ಬೆಂಗಳೂರಿನ ವಿನಯ ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸುವವನು, ಮಾತು ಕಡಿಮೆ. ತಾವೇ ಕನ್ನಡದಲ್ಲಿ ಬರೆದ ಕೆಲವು ರಾಕ್ ಹಾಡುಗಳನ್ನು ರೆಕಾರ್ಡ್ ಮಾಡಲು ಶನಿವಾರ, ಭಾನುವಾರಕ್ಕೊಂದು ಜಾಗ ಹುಡುಕುತ್ತಿದ್ದರು. ಕನ್ನಡ ಕೇಳಿದ ಖುಷಿಗೆ ಅಪ್ಪ ಚಹಾ ಲೋಟ ಕೆಳಗಿಡುವ ಮೊದಲೇ ಮುಲ್ಗಿ ಕೊಡುವ ಮಾತಾಡಿದ್ದರು.

"ಗದ್ಲ ಆಗಂಗಿಲ್ಲೇನ್ರಿ?" ಎಂದು ಅವ್ವ ಕೇಳಿದಳು.

"ರೆಕಾರ್ಡಿಂಗ್ ಅಂದ್ರ ಭಾಳ ಶಾಂತ ಕೆಲಸ," ಅಪ್ಪ ಅಂದರು. "ರೇಡಿಯೊ ಸ್ಟೇಷನ್ದಾಗ ಕೆಮ್ಮಾಕೂ ಬಿಡಂಗಿಲ್ಲ, ಗೊತ್ತೈತೇನು?"

ಮೊದಲ ಶನಿವಾರ ಡೆನ್ಜಿಲ್ ಡ್ರಮ್ಸ್ ಮುಂದೆ ಕುಳಿತು ಒಂದು ಏಟು ಕೊಟ್ಟ. ಶಟರ್ ಅದಕ್ಕೆ ಉತ್ತರ ಕೊಟ್ಟಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಗಲಗಲ ಅಂದವು. ಬೇಳೆ ಆರಿಸುತ್ತಿದ್ದ ಆಯಿ ಮೊರ ಹಿಡಿದುಕೊಂಡೇ ಹೊರಗೆ ಬಂದು ಆಕಾಶ ನೋಡಿದಳು. "ಕೆಮ್ಮಾಕ ಬಿಡಂಗಿಲ್ಲ ಅಂದ್ರಲ್ಲ," ಎಂದು ಅವ್ವ ಅಪ್ಪನ ಮುಖ ನೋಡಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಲಕ್ಷ್ಮಿ ಆಂಟಿ ಗೇಟಿಗೆ ಬಂದರು. "ಏಂಟಂಡೀ ಈ ಗೋಲ?" ಏನಿದು ಗಲಾಟೆ ಎಂದು ತೆಲುಗಿನಲ್ಲಿ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅವರ ಮಗಳು ಸ್ವಪ್ನಕ್ಕ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಆ ಮನೆಯಲ್ಲಿ ಟಿವಿಗೆ ಬಟ್ಟೆ ಹೊದಿಸಿ ತಿಂಗಳುಗಳಾಗಿದ್ದವು, ಮಿಕ್ಸಿ ಕೂಡ ಅವಳು ಕೋಚಿಂಗಿಗೆ ಹೋದಾಗಲೇ ತಿರುಗುತ್ತಿತ್ತು. ಈ ಹುಡುಗರು ತಾವು ಸಾಫ್ಟ್‌ವೇರಿನವರಾದ ಮೇಲೆ ತನ್ನ ಮಗಳು ಆಗಬಾರದೇನು, ಎಂಬುದು ಆಂಟಿಯ ಪ್ರಶ್ನೆ.

ಹುಡುಗರು ಎಲ್ಲೋ ಕೇಳಿದ್ದನ್ನು ನಂಬಿ ಮೊಟ್ಟೆ ಅಂಗಡಿಯಿಂದ ರಟ್ಟಿನ ಟ್ರೇಗಳನ್ನು ತಂದು ಗೋಡೆಗೆಲ್ಲ ಅಂಟಿಸಿದರು. ಉಳಿದ ಟ್ರೇಗಳಲ್ಲಿ ನಾನು ಹುಣಸೆಬೀಜ ಇಟ್ಟು ಆಡಿದೆ. ಆಮೇಲೆ ಹುಡುಗರು ಆಂಟಿಯನ್ನೇ ಕರೆದು ರಸ್ತೆಯಲ್ಲಿ ನಿಲ್ಲಿಸಿ ಒಂದು ಹಾಡು ಬಾರಿಸಿ ತೋರಿಸಿದರು. ಆಂಟಿ ಕಿವಿಗೊಟ್ಟು ಕೇಳಿ, ಮೊದಲು ಅಂಗಡಿಯಿಂದ ಬರುತ್ತಿತ್ತು, ಈಗ ಕೋಳಿಗೂಡಿನಿಂದ ಬರುತ್ತಿದೆ ಎಂದು ತೀರ್ಪು ಕೊಟ್ಟರು. ಅಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ.

"ನೋಡ್ರಿ ತಮ್ಮಾ," ಅಪ್ಪ ಹುಡುಗರಿಗೆ ಹೇಳಿದರು, "ಇನ್ನೊಮ್ಮಿ ಅವರು ಗೇಟಿಗೆ ಬಂದ್ರ, ಮುಲ್ಗಿ ಖಾಲಿ ಮಾಡಬೇಕಾಗತೈತಿ. ನನಗೂ ಬ್ಯಾಸರ ಐತಿ, ಆದ್ರ ಅದು ಹುಡುಗಿ ಓದಿನ ಮಾತು."

ಪ್ರದೀಪನಿಗೆ ಬೇರೆ ಜಾಗ ಹುಡುಕಲು ಪುರುಸೊತ್ತಿರಲಿಲ್ಲ. ಯುಗಾದಿ ಆದ ಕೂಡಲೇ ಡೆನ್ಜಿಲ್‌ನನ್ನು ಕಂಪನಿ ಚೆನ್ನೈಗೆ ಕಳಿಸುವುದಿತ್ತು. ಅಷ್ಟರೊಳಗೆ ಹಾಡುಗಳು ಆಗದಿದ್ದರೆ ಆ ತಂಡವೂ ಇಲ್ಲ, ಹಾಡೂ ಇಲ್ಲ. ಅದಾದ ಮೇಲೆ ಕೆಲವು ವಾರ ಅವರು ಬಂದು, ಶಟರ್ ಅರ್ಧ ಎಳೆದು, ಬಾರಿಸದೆ ಸುಮ್ಮನೆ ಕುಳಿತು ಹೋಗುತ್ತಿದ್ದರು. ಡೆನ್ಜಿಲ್ ತನ್ನ ತೊಡೆಯ ಮೇಲೆ ಕೋಲು ಆಡಿಸುತ್ತಿದ್ದ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ವಿನಯ ಕೈ ತೊಳೆಯಲು ಹಿತ್ತಲಿಗೆ ಬಂದ. ಆಯಿ ಟ್ರಂಕಿನ ಕೌದಿಗಳನ್ನೆಲ್ಲ ತೊಳೆದು ಹಗ್ಗದ ಮೇಲೆ ಒಣಗಹಾಕಿದ್ದಳು. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಹೊದಿಕೆಗಳು. ಒಬ್ಬರೇ ಎತ್ತಲಾಗದಷ್ಟು ಭಾರ. ಅವುಗಳ ನಡುವೆ ನುಸುಳಿದ ವಿನಯ ತಟ್ಟನೆ ನಿಂತ. ಚಪ್ಪಾಳೆ ಹೊಡೆದ. ತಲೆ ಓರೆ ಮಾಡಿ ಕೇಳಿ ಮತ್ತೆ ಹೊಡೆದ.

"ಯಾಕಪ್ಪಾ, ಸೊಳ್ಳಿ ಭಾಳ ಅದಾವೇನು?" ಆಯಿ ಕೇಳಿದಳು.

"ಸದ್ದು ಹೋಗ್ತಾ ಇದೆ ಅಜ್ಜಿ!"

"ಎಲ್ಲಿಗಿ?"

"ಇದರೊಳಗೆ!"

ಆಯಿ ನನ್ನ ಕಡೆ ನೋಡಿ ದನಿ ಇಳಿಸಿದಳು. "ಸುಧಾ, ಇವನ ಮಂದಿ ಯಾರರ ಇಲ್ಲೇ ಅದಾರೇನು ಕೇಳು."

ಕೌದಿಗಳನ್ನು ಗೋಡೆಗೆ ಕಟ್ಟಲು ಕೊಡಿ ಎಂದು ಮೂವರೂ ಬಂದು ಕೇಳಿದಾಗ ಆಯಿ ಖಡಾಖಂಡಿತ ಆಗುವುದಿಲ್ಲ ಅಂದಳು. "ಮೊಮ್ಮಕ್ಕಳು ಹೊಚ್ಚಿಕೊಂಡ ಕೌದಿ ಅವು. ಗ್ವಾಡಿಗೆ ಯಾಕ? ಗ್ವಾಡಿಗೆ ಥಂಡಿ ಬಂದೈತೇನು?" ಆದರೆ ಮೂವರೂ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನತೊಡಗಿದ ಮೇಲೆ ಅವಳ ಮನಸ್ಸು ಕರಗಿತು. ರೊಟ್ಟಿ ಸಾಕು ಎಂದು ಕೈ ಅಡ್ಡ ಹಿಡಿಯದ ಹುಡುಗರೆಂದರೆ ಅವಳಿಗೆ ಪ್ರೀತಿ. "ಟ್ರಂಕಿನವು ಕೊಡಂಗಿಲ್ಲ," ಅಂದಳು. "ಗ್ವಾಡಿಗಂತನ ಬ್ಯಾರೆ ಹೊಲಿಯೋಣು."

ಆ ಚಳಿಗಾಲ ನನ್ನ ನೆನಪಿನಲ್ಲಿ ಹಳೆಯ ಸೀರೆಯ ವಾಸನೆಯಾಗಿ ಉಳಿದಿದೆ. ಓಣಿಯ ಮನೆಮನೆಗೆ ಹೋಗಿ ನಾನು ಹಳೆ ಸೀರೆ ಕೇಳಿ ತಂದೆ. ಕರ್ಪೂರದ ಗುಳಿಗೆ, ಹಲ್ಲಿ ಹಿಕ್ಕೆ, ಮಲ್ಲಿಗೆ ಎಣ್ಣೆ, ಬೀರುವಿನ ಮುಗ್ಗಲು, ಒಂದೊಂದು ಮನೆಗೆ ಒಂದೊಂದು ವಾಸನೆ. ಲಕ್ಷ್ಮಿ ಆಂಟಿ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಸದ್ದು ನಿಲ್ಲುವುದಾದರೆ ಉಟ್ಟದ್ದನ್ನೂ ಕೊಡುತ್ತೇನೆ ಎಂದು ನಕ್ಕರು.

ನಮ್ಮ ಓಣಿಯ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಕೆಲಸಗಾರರಿದ್ದರು. ಅವರಲ್ಲಿ ಮಲ್ಲಮ್ಮ ಎಂಬವಳು ಕೌದಿ ಕೆಲಸ ಬಲ್ಲವಳು. ರಜೆಯ ದಿನ ಅವಳು ಗೆಳತಿಯರನ್ನು ಕಟ್ಟಿಕೊಂಡು ಬರುತ್ತಿದ್ದಳು. ಅಂಗಳದಲ್ಲಿ ಸೀರೆಗಳನ್ನು ಹಾಸಿ ನಾಲ್ಕೂ ಕಡೆ ಹೆಂಗಸರು ಕೂರುತ್ತಿದ್ದರು. ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ನಡೆಯುತ್ತಿತ್ತು. ಸೂಜಿಗೆ ದಾರ ಪೋಣಿಸುವುದು ನಾನು.

"ಯವ್ವಾ, ಗ್ವಾಡಿಗೆ ಕೌದಿ ಹೊಚ್ಚೂದು ಇವತ್ತ ನೋಡಾಕತ್ತೀನಿ," ಅಂದಳು ಮಲ್ಲಮ್ಮ.

"ಹೈದರಾಬಾದ ಗ್ವಾಡಿ ಅಲ್ಲೇನ, ನಾಜೂಕು," ಅಂದಳು ಆಯಿ.

ಡೆನ್ಜಿಲ್ ತಾನೂ ಒಂದು ಸೂಜಿ ಕೇಳಿ ಕುಳಿತ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವನು ಬಾಯಲ್ಲೇ ಏನೋ ಲಯ ಹೇಳಿಕೊಳ್ಳುತ್ತ ಹೊಲಿಯುತ್ತಿದ್ದ, ಹೊಲಿಗೆಯ ಟಾಕಾಗಳು ಇರುವೆ ಸಾಲಿನಂತೆ ಬೀಳುತ್ತಿದ್ದವು. "ಇದು ಸುಲಭ ಮಾರಾಯ್ರೇ, ಒಂದೇ ತಾಳ," ಅಂದ. "ಮಾತು ಕಮ್ಮಿ ಮಾಡು, ಟಾಕಾ ಸಡ್ಲ ಬೀಳಾಕತ್ತಾವು," ಎಂದು ಆಯಿ ಗದರಿದಳು. ಆಮೇಲೆ ಅವನು ಇಲ್ಲದಾಗ, ಹುಡುಗನ ಕೈ ಚಲೋ ಐತಿ ಎಂದು ಎಲ್ಲರಿಗೂ ತೋರಿಸಿದಳು.

ಕೌದಿ ಮುಗಿಯುವ ದಿನ ಮನೆಯಲ್ಲಿ ಹೋಳಿಗೆ. ಇದು ನಮ್ಮ ಕಡೆಯ ಪದ್ಧತಿ: ಕೊನೆಯಲ್ಲಿ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ಹೋಳಿಗೆಯ ಚೂರು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಬಾಯಿ ಮುಚ್ಚಬೇಕು. ಅದಕ್ಕೆ ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತಾರೆ. ಹಸಿದ ಕೌದಿ ಮನೆಯಲ್ಲಿದ್ದರೆ ಹೊದ್ದವರ ಹೊಟ್ಟೆಯೂ ತುಂಬುವುದಿಲ್ಲ ಎಂದು ಆಯಿಯ ನಂಬಿಕೆ. ನಾವು ಹೊದೆಯುವ ಕೌದಿಗಳಲ್ಲೂ ಅದು ಇರುತ್ತಿತ್ತು. ಆದರೆ ಅವು ನಮ್ಮ ಮೈಮೇಲೆ ಇರುತ್ತಿದ್ದವು, ಇಲ್ಲವೆ ಬೇವಿನ ಎಲೆಯ ಜೊತೆ ಟ್ರಂಕಿನಲ್ಲಿ. ಇವು ಗೋಡೆಯ ಕೌದಿಗಳು, ದೊಡ್ಡವು. ದೊಡ್ಡ ಕೌದಿಗೆ ದೊಡ್ಡ ಹೊಟ್ಟೆ ಎಂದು ಆಯಿ ಒಂದೊಂದರಲ್ಲೂ ಅಂಗೈಯಗಲದ ತುಂಡು ಇಟ್ಟಳು. ಹುಡುಗರು ಆ ಹೊತ್ತಿಗೆ ತಮ್ಮ ತಟ್ಟೆಯ ಹೋಳಿಗೆಯಲ್ಲಿ ಮುಳುಗಿದ್ದರು. ಯಾರೂ ಅತ್ತ ನೋಡಲಿಲ್ಲ.

ಮಲ್ಲಮ್ಮನ ಗಂಡ ತಂದುಕೊಟ್ಟ ಬಿದಿರಿನ ಮೇಲೆ ಕೌದಿಗಳು ಏರಿದವು. ಶಟರಿಗೆ ಎರಡು ಪದರ. ಒಳಗೆ ಕಾಲಿಟ್ಟರೆ ನಮ್ಮ ಮಾತೇ ನಮ್ಮ ಬಾಯಿಯ ಹತ್ತಿರ ನಿಂತುಬಿಡುತ್ತಿತ್ತು. ಫ್ಯಾನ್ ಹಾಕುವಂತಿರಲಿಲ್ಲ, ಅದರ ಸದ್ದು ಮೈಕಿಗೆ ಸಿಗುತ್ತದೆ. ಬಾರಿಸಿ ಹೊರಗೆ ಬಂದ ಹುಡುಗರು ಕೆರೆಯಿಂದ ಎದ್ದವರಂತೆ ಕಾಣುತ್ತಿದ್ದರು. ಆದರೆ ಸದ್ದು ತಗ್ಗಿತು. ಪೂರ್ತಿ ನಿಂತಿತು ಎಂದಲ್ಲ; ನಾಲ್ಕು ಮನೆ ಆಚೆ ಯಾರೋ ಖಾರ ಕುಟ್ಟುತ್ತಿದ್ದಾರೆ ಅನ್ನಿಸುವಷ್ಟು. ಲಕ್ಷ್ಮಿ ಆಂಟಿ ಗೇಟಿಗೆ ಬರಲಿಲ್ಲ. ಹಾಡುಗಳು ಒಂದೊಂದಾಗಿ ಆದವು. ಯುಗಾದಿಗೆ ಇನ್ನೇನು ವಾರವಿದೆ ಅನ್ನುವಾಗ ಒಂದೇ ಹಾಡು ಉಳಿದಿತ್ತು. ಅದೇ ಎಲ್ಲಕ್ಕಿಂತ ದೊಡ್ಡ ಸದ್ದಿನದು, ಡೆನ್ಜಿಲ್‌ನ ಕೈ ಜೋರಾಗಿ ನಡೆಯುವಂಥದ್ದು. ಅದಕ್ಕಾಗಿಯೇ ಕೊನೆಗೆ ಇಟ್ಟಿದ್ದರು.

ಆ ಶನಿವಾರ ಬೆಳಿಗ್ಗೆ ಶಟರ್ ಎತ್ತಿದ ಪ್ರದೀಪ ಕೂಗಿಕೊಂಡ. ಕಿರಾಣಿಯವನು ಬಿಟ್ಟು ಹೋಗಿದ್ದ ಇಲಿಗಳು ಬಿಲದಿಂದ ಹೊರಬಿದ್ದಿದ್ದವು. ನೆಲದ ಮೇಲೆಲ್ಲ ಬಣ್ಣ ಬಣ್ಣದ ಚಿಂದಿ. ಕೌದಿಗಳಲ್ಲಿ ತೂತು. ಮೈಕಿನ ವೈರು ಎರಡು ತುಂಡು. ವಿನಯ ಒಂದೊಂದೇ ಕೌದಿಯನ್ನು ನೋಡುತ್ತ ಹೋದ.

"ವಿಚಿತ್ರ," ಅಂದ. "ಎಲ್ಲದರಲ್ಲೂ ಒಂದೇ ಮೂಲೆ ತಿಂದಿವೆ."

ಆಯಿ ಬಾಗಿಲಲ್ಲಿ ನಿಂತಿದ್ದಳು. "ಅಲ್ಲಿ ಹೋಳಿಗಿ ಐತಿ," ಅಂದಳು.

"ಎಲ್ಲದರಲ್ಲೂ?"

"ಎಲ್ಲದರಾಗೂ."

ಡೆನ್ಜಿಲ್ ನೆಲದ ಮೇಲೆ ಕುಳಿತುಬಿಟ್ಟ. "ಅಜ್ಜೀ, ನೀವು ಇಲಿಗಳಿಗೆ ಮದುವೆ ಊಟ ಹಾಕಿದ್ದೀರಿ!"

ನಗು ಬೇಗ ಮುಗಿಯಿತು. ತೂತುಗಳಿಗೆ ತೇಪೆ ಹಾಕದೆ ಬಾರಿಸಿದರೆ ಆಂಟಿ ಗೇಟಿಗೆ ಬರುವುದು ಖಂಡಿತ. ತೇಪೆ ಹಾಕಿ ಹೋಳಿಗೆ ಹಾಗೇ ಬಿಟ್ಟರೆ ಹೊಸ ವೈರನ್ನೂ ಇಲಿ ತಿನ್ನುತ್ತದೆ. ಇಲಿ ಪಾಷಾಣ ಇಡೋಣ ಎಂದು ಪ್ರದೀಪ ಅಂದದ್ದಕ್ಕೆ ಆಯಿಗೆ ಸಿಟ್ಟು ಬಂತು. "ಒಂದ ಕೈಲೆ ತುತ್ತು ಇಟ್ಟು ಇನ್ನೊಂದು ಕೈಲೆ ಇಷಾ ಇಡಬೇಕೇನು?"

"ಹಾಗಾದ್ರೆ ಹೋಳಿಗೆ ತೆಗೆದುಬಿಡಿ ಅಜ್ಜಿ. ಸುಮ್ಮನೆ ಹೊಲಿದುಬಿಡೋಣ."

"ಹಸದ ಕೌದಿ ನನ್ನ ಮನ್ಯಾಗ ತೂಗಂಗಿಲ್ಲ."

ಅಪ್ಪ ತಿಳಿಹೇಳಲು ಬಂದರು. "ಯವ್ವಾ, ಅದು ಬರೇ ಗ್ವಾಡಿ..." ಆಯಿ ನೋಡಿದ ನೋಟಕ್ಕೆ ವಾಕ್ಯ ಅಲ್ಲೇ ನಿಂತಿತು. ಅವಳು ಕೆಳಗಿಳಿಸಿದ ಒಂದು ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ತಿಂದ ಮೂಲೆಯ ಮೇಲೆ ಕೈಯಾಡಿಸುತ್ತ ಕುಳಿತಳು. ಹುಡುಗರು ಎದುರಿಗೆ. ಬೆಳಗಿನ ಚಹಾ ಆಯಿತು, ಮತ್ತೊಂದು ಚಹಾ ಆಯಿತು. ತಳಮಳಕ್ಕೆ ಪ್ರದೀಪ ತನ್ನ ಬೆರಳುಗಳ ನಡುವೆ ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆಯನ್ನು ತಿರುಗಿಸುತ್ತಿದ್ದ.

"ಅದೇನು?" ಆಯಿ ಕೇಳಿದಳು.

"ಪಿಕ್ ಅಜ್ಜಿ. ತಂತಿ ಮೀಟೋಕೆ."

"ಅದು ಇಲ್ಲಂದ್ರ?"

"ಇಲ್ಲಾಂದ್ರೆ ನನ್ನ ಹಾಡು ಎದ್ದೇಳೋದೇ ಇಲ್ಲ."

ಆಯಿ ಕೈ ಚಾಚಿದಳು. ಅದನ್ನು ಮೂಸಿ ನೋಡಿದಳು. ಉಳಿದಿದ್ದ ದವಡೆ ಹಲ್ಲಿನಲ್ಲಿ ಕಚ್ಚಿ ನೋಡಿದಳು. ಮುಖ ಕಿವುಚಿ ವಾಪಸು ಕೊಟ್ಟಳು.

"ಇಲಿ ಮುಟ್ಟಂಗಿಲ್ಲ," ಅಂದಳು. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಹೊಚ್ಚಿಕೊಳ್ಳವರು ಏನು ಉಣತಾರ, ಕೌದಿಗೂ ಅದನ್ನ ಇಡೂದು. ಇವು ಹೊಚ್ಚಿದ್ದು ಹಾಡಿಗೆ. ಹಾಡು ಹೋಳಿಗಿ ತಿಂತೈತೇನು? ಸುಧಾ, ಕತ್ತರಿ ತಗೊಂಬಾ."

ಮೂಲೆಗಳು ಬಿಚ್ಚಿಕೊಂಡವು. ಇಲಿ ತಿಂದು ಉಳಿದು, ಒಣಗಿ ಕಟ್ಟಿಗೆಯಾದ ಹೋಳಿಗೆ ಚೂರುಗಳು ಕಾಂಪೌಂಡ್ ಗೋಡೆಯ ಮೇಲೆ ಕಾಗೆಗಳಿಗೆ ಹೋದವು. ಮಲ್ಲಮ್ಮನಿಗೆ ಹೇಳಿಕಳಿಸಿದೆವು. ಅವಳು ಗೆಳತಿಯರ ಜೊತೆ ಬಂದು ತೇಪೆ ಹಾಕಲು ಕುಳಿತಳು. ಒಂದೊಂದು ಮೂಲೆಗೂ ಒಂದೊಂದು ಬಿಲ್ಲೆ, ಅರಿಶಿನ ಕುಂಕುಮ, ಮೇಲೆ ಹೊಲಿಗೆ. ಪ್ರದೀಪ ಡಬ್ಬಿಯಿಂದ ಬಿಲ್ಲೆ ತೆಗೆದುಕೊಡುತ್ತಾ ಹೋದ. ಕೊನೆಯ ಕೌದಿಯ ಹೊತ್ತಿಗೆ ಡಬ್ಬಿ ಖಾಲಿ. ಉಳಿದದ್ದು ಅವನ ಬೆರಳಲ್ಲಿದ್ದದ್ದು ಒಂದೇ. ಅವನು ಅದನ್ನು ನೋಡುತ್ತ ನಿಂತ.

"ಕೊಡು ಮಾರಾಯ," ಅಂದ ಡೆನ್ಜಿಲ್. "ಹಸಿದ ಗೋಡೆ ಎದುರು ಹಾಡ್ತೀಯಾ?"

ಪ್ರದೀಪ ಕೊಟ್ಟ.

ಮರುದಿನ ಮಧ್ಯಾಹ್ನ ಕೊನೆಯ ಹಾಡು. ಮೊಬೈಲಿನ ಸಿಮ್ ಬಿಡಿಸಿಕೊಂಡು ಉಳಿದಿದ್ದ ಪ್ಲಾಸ್ಟಿಕ್ ಕಾರ್ಡನ್ನು ಪ್ರದೀಪ ಅವ್ವನ ಕತ್ತರಿಯಿಂದ ತಿದ್ದಿ ಬಿಲ್ಲೆ ಮಾಡಿಕೊಂಡಿದ್ದ. ಆಯಿಗೆ ಒಳಗೆ ಕೂರಲು ಒಂದು ಮೂಲೆ, ನನಗೆ ಅವಳ ಪಕ್ಕ. ಮಾತಾಡಬಾರದು, ಕೆಮ್ಮಬಾರದು ಎಂದು ವಿನಯ ಹೇಳಿದ. ಅಪ್ಪ ರೇಡಿಯೊ ಸ್ಟೇಷನ್ ಬಗ್ಗೆ ಹೇಳಿದ ಮಾತು ಕೊನೆಗೂ ನಿಜವಾಯಿತು. ಅವರು ಮಾತ್ರ ಲಕ್ಷ್ಮಿ ಆಂಟಿಯ ಜೊತೆ ರಸ್ತೆಯಲ್ಲಿ ಕಾವಲು ನಿಂತಿದ್ದರು.

ಡೆನ್ಜಿಲ್ ಕೋಲುಗಳನ್ನು ಒಂದಕ್ಕೊಂದು ತಾಗಿಸಿ ತಾಳ ಕೊಟ್ಟ. ಆಮೇಲೆ ಆದದ್ದನ್ನು ನಾನು ಕಿವಿಯಿಂದಲ್ಲ, ಎದೆಗೂಡಿನಿಂದ ಕೇಳಿದೆ. ಸೆಕೆ, ಸೀರೆಗಳ ವಾಸನೆ, ಅದರ ಕೆಳಗೆ ಇನ್ನೂ ಹೋಗದ ಬೆಲ್ಲ ಮತ್ತು ಮೆಣಸಿನಕಾಯಿ. ಲಕ್ಷ್ಮಿ ಆಂಟಿಯ ನೀಲಿ ಸೀರೆಯ ತುಂಡೊಂದು ಶಟರಿನ ಮೇಲೆ ಉಸಿರಾಡುತ್ತಿರುವಂತೆ ಹಿಂದೆ ಮುಂದೆ ಆಡುತ್ತಿತ್ತು. ಆಯಿ ಕಣ್ಣು ಮುಚ್ಚಿ, ಪಕ್ಕದ ಕೌದಿಯ ಮೂಲೆಯನ್ನು ಬೆರಳಲ್ಲಿ ಹಿಡಿದು ಕುಳಿತಿದ್ದಳು. ಹಾಡು ಮುಗಿದ ಮೇಲೂ ಯಾರೂ ಅಲುಗಾಡಲಿಲ್ಲ. ವಿನಯ ಕೈ ಎತ್ತಿ, ಕಂಪ್ಯೂಟರ್ ನೋಡಿ, ಆಮೇಲೆ ನಕ್ಕ. ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶಟರ್ ಎತ್ತಿದಾಗ ಲಕ್ಷ್ಮಿ ಆಂಟಿ ಇನ್ನೂ ಕಾಯುತ್ತಿದ್ದರು. ಮುಗಿಯಿತು ಎಂದು ಅಪ್ಪ ಹೇಳಿದರು. ಆಂಟಿ ಮುಲ್ಗಿಯ ಕಡೆ ನೋಡಿ, "ಇಂತೇನಾ?" ಅಂದರು. ಇಷ್ಟೇನಾ ಎಂದು. ದನಿಯಲ್ಲಿ ಸ್ವಲ್ಪ ನಿರಾಸೆ ಇದ್ದಂತಿತ್ತು. ಆಯಿ ಅವರ ಕೈಗೆ ಹೋಳಿಗೆಯ ತಟ್ಟೆ ಕೊಟ್ಟಳು.

ಮುಂದಿನದು ಚುಟುಕಾಗಿ ಹೇಳಬಹುದಾದದ್ದು. ಡೆನ್ಜಿಲ್ ಚೆನ್ನೈಗೆ ಹೋದ. ಬೇಸಿಗೆಯಲ್ಲಿ ಕೆಲವು ಕಾಲೇಜು ಹುಡುಗರ ತಂಡಗಳು ಬಂದು ತಮ್ಮ ಹಾಡು ರೆಕಾರ್ಡ್ ಮಾಡಿಕೊಂಡವು. ಮಳೆ ಶುರುವಾದಾಗ ಶಟರಿನ ಕೆಳಗಿಂದ ನೀರು ಬಂತು. ಉಪಕರಣಗಳನ್ನು ಪ್ರದೀಪ, ವಿನಯ ತಮ್ಮ ಆಫೀಸಿನ ಕಡೆಗೆ ಸಾಗಿಸಿಕೊಂಡರು. ಜಗಳವಿಲ್ಲ, ಅಳುವಿಲ್ಲ. ಸ್ವಪ್ನಕ್ಕನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಕೌದಿಗಳನ್ನು ಆಯಿ ತೊಳೆದು, ಹೊಲಿದವರಿಗೂ ಹಾಡಿದವರಿಗೂ ಹಂಚಿದಳು. ಒಂದು ನಮಗೆ ಉಳಿಯಿತು.

ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ, ಈ ನಗರದ ಸ್ಟುಡಿಯೊಗಳ ಇತಿಹಾಸ ಕುರಿತ ಒಂದು ಬರಹ ನನ್ನ ಮೇಜಿನ ಮೇಲೆ ಹಾದುಹೋಯಿತು. ನಮ್ಮ ಮುಲ್ಗಿ ಅದರಲ್ಲಿರಲಿಲ್ಲ. ಬರೆದವರನ್ನು ದೂರುವಂತಿಲ್ಲ. ಅದಕ್ಕೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಆ ಹಾಡುಗಳ ಸಿಡಿ ನನ್ನಲ್ಲಿದೆ, ಆದರೆ ಈಗ ಓಡುವುದಿಲ್ಲ. ಕೊನೆಯ ಹಾಡಿನಲ್ಲಿ ಗಿಟಾರ್ ಉಳಿದವುಗಳಿಗಿಂತ ಸ್ವಲ್ಪ ಕೀರಲು ಎಂದು ನೆನಪಿದೆ. ಸಿಮ್ ಕಾರ್ಡಿನ ಪ್ಲಾಸ್ಟಿಕ್ಕಿಗೆ ಅಷ್ಟೇ ಸಾಧ್ಯವಿತ್ತು.

ಅಪ್ಪ ಮನೆ ಮಾರಿದರು. ಆಯಿ ತೀರಿಕೊಂಡು ವರ್ಷಗಳಾದವು. ಅವಳ ಜೊತೆ ಐತಿ, ಅದಾವು ಎನ್ನುವ ನಮ್ಮ ಮನೆಮಾತೂ ಹೆಚ್ಚುಕಡಿಮೆ ಹೋಯಿತು. ಹೋದ ತಿಂಗಳು ಉಪ್ಪಲ್‌ಗೆ ಹೋಗಿ ಆ ಓಣಿಯ ಬಾಯಲ್ಲಿ ನಿಂತಿದ್ದೆ. ತಲೆಯ ಮೇಲೆ ಮೆಟ್ರೊ, ಪಕ್ಕದಲ್ಲಿ ಬಸ್ಸು, ಎದುರಿಗೆ ಜನರೇಟರ್. ಡೆನ್ಜಿಲ್ ಇವತ್ತು ಅಲ್ಲಿ ಬಾಗಿಲು ತೆರೆದು ಬಾರಿಸಿದರೂ ಯಾರೂ ಗೇಟಿಗೆ ಬರಲಾರರು. ಒಬ್ಬ ಹುಡುಗಿಯ ಓದಿಗಾಗಿ ಒಂದಿಡೀ ಓಣಿ ತನ್ನ ಸೀರೆಗಳನ್ನು ಕೊಡುವಷ್ಟು ಬೆಲೆ ಬಾಳುತ್ತಿದ್ದ ಆ ನಿಶ್ಶಬ್ದ ಈಗ ಅಲ್ಲಿಲ್ಲ. ಕಳೆದುಹೋದದ್ದು ಯಾವುದು ಎಂದು ಕೇಳಿದರೆ ನಾನು ಸ್ಟುಡಿಯೊಗಿಂತ ಮೊದಲು ಅದನ್ನು ಹೇಳುತ್ತೇನೆ.

ಕೌದಿ ಮಾತ್ರ ಇದೆ. ಈ ಚಳಿಗಾಲದಲ್ಲಿ ನನ್ನ ಮಗಳು ಅದನ್ನು ಹೊದ್ದುಕೊಂಡು ಮೂಲೆ ಅಮುಕಿ ನೋಡುತ್ತಿದ್ದಳು.

"ಅಮ್ಮಾ, ಇದರಲ್ಲೇನೋ ಗಟ್ಟಿ ಇದೆ."

"ಅದರ ಊಟ," ಅಂದೆ.

ಅವಳು ಆ ಪುಟ್ಟ ಬಿಲ್ಲೆಯನ್ನು ಬಟ್ಟೆಯ ಮೇಲಿನಿಂದಲೇ ಎರಡು ಬೆರಳಲ್ಲಿ ಅಳೆದಳು. ನಮ್ಮ ಈಗಿನ ಮನೆಯ ಓಣಿಯಲ್ಲಿ ಕಲಿತ ತೆಲುಗು ಅವಳಿಗೆ ಕನ್ನಡಕ್ಕಿಂತ ಮೊದಲು ಬಾಯಿಗೆ ಬರುತ್ತದೆ.

"ಇಂತೇನಾ?"

"ಅಷ್ಟ ಸಾಕಾತು," ಅಂದೆ. ಆಯಿಯ ಮಾತಿನಲ್ಲೇ ಬಂತು.